ಆಪತ್ತು ಮುಗೀತು, ಸಹಾಯದ ಗುಂಪೂ ಮುಗೀತು. ಮತ್ತೆ ಎಬ್ಬಿಸಬೇಕಾ, ಬಿಟ್ಟುಬಿಡಬೇಕಾ?

ಕಂದೀಲು

ಸ್ವಲ್ಪ ಉದ್ದ ಬರೀತಿದ್ದೀನಿ, ಪುರುಸೊತ್ತಿದ್ದವರು ಓದಿ.

ಹೋದ ವರ್ಷ ನಾವಿರೋ ಕಡೆ ನೆರೆ ಬಂದಿತ್ತು. ನಾಲ್ಕು ದಿನ ಕರೆಂಟಿಲ್ಲ, ನಲ್ಲಿಯಲ್ಲಿ ನೀರಿಲ್ಲ. ಮೊದಲ ರಾತ್ರಿ ಯಾರೋ ಒಬ್ಬರು ವಾಟ್ಸಾಪ್ ಗುಂಪು ಮಾಡಿದರು, ಬೆಳಗಾಗೋ ಹೊತ್ತಿಗೆ 140 ಜನ ಸೇರಿದ್ದರು. ಅಲ್ಲಿವರೆಗೆ ಲಿಫ್ಟಿನಲ್ಲಿ ಎದುರಾದರೆ ಮೊಬೈಲಿಗೆ ಕಣ್ಣು ತಿರುಗಿಸುತ್ತಿದ್ದವರು ಪಕ್ಕದ ಮನೆ ಮಗುವಿನ ಔಷಧಿಗೆ ಸೊಂಟದ ಮಟ್ಟದ ನೀರಲ್ಲಿ ನಡೆದುಕೊಂಡು ಹೋದರು. ಒಬ್ಬರು ತಮ್ಮ ಕಾರಿನಿಂದ ಇಡೀ ಬೀದಿಯ ಫೋನುಗಳಿಗೆ ಸರದಿ ಪ್ರಕಾರ ಚಾರ್ಜ್ ಹಾಕಿಕೊಟ್ಟರು. ಯಾರು ಯಾವ ಪಕ್ಷ, ಯಾರು ಸ್ವಂತ ಮನೆಯವರು, ಯಾರು ಬಾಡಿಗೆಯವರು ಅಂತ ಒಬ್ಬರೂ ಕೇಳಲಿಲ್ಲ.

ಮೂರು ತಿಂಗಳಾದ ಮೇಲೆ ಅದೇ ಗುಂಪಲ್ಲಿ ಶುಭೋದಯದ ಹೂವಿನ ಚಿತ್ರ. ಆಮೇಲೆ ಪಾರ್ಕಿಂಗ್ ಜಗಳ. ಈಗ ಅದೂ ಇಲ್ಲ, ಪೂರ್ತಿ ಮೌನ.

ಆದರೆ ನನ್ನನ್ನು ಕೊರೆಯುತ್ತಿರೋದು ಬೇರೆ. ನೀರಿಳಿದ ಮೇಲೆ ಗೊತ್ತಾಯಿತು, ನಮ್ಮಿಂದ ಮೂರನೇ ಬಾಗಿಲಿನ ವಯಸ್ಸಾದ ದಂಪತಿ ಎರಡು ದಿನ ಸರಿಯಾಗಿ ಕುಡಿಯೋ ನೀರೂ ಇಲ್ಲದೆ ಕೂತಿದ್ದರು ಅಂತ. ಗುಂಪಲ್ಲಿ ಅವರಿರಲಿಲ್ಲ. ಆದರೆ ನಾವು ಮೆಟ್ಟಿಲ ಮೇಲೆ ಓಡಾಡೋ ಸದ್ದು ಅವರಿಗೆ ಕೇಳಿಸುತ್ತಿತ್ತಂತೆ. ಒಂದು ಸಲ ಕೂಗಬಾರದಿತ್ತಾ ಅಂದೆ. "ನೀವೆಲ್ಲ ಅಷ್ಟು ಒದ್ದಾಡ್ತಿದ್ರಿ, ಮಧ್ಯೆ ನಮ್ಮದೊಂದು ಯಾಕೆ ಅಂತ ಸುಮ್ಮನಿದ್ವಿ" ಅಂದರು.

ಹಾಗಾಗಿ ಕೇಳ್ತಿದ್ದೀನಿ. ಇಂಥ ಗುಂಪನ್ನು ಬದುಕಿಸಿ ಇಟ್ಟುಕೊಳ್ಳೋಕೆ ಆಗುತ್ತಾ? ಆದರೆ ಹೇಗೆ? ನಿಮ್ಮಲ್ಲಿ ಯಾರಾದರೂ ಮಾಡಿದ್ದೀರಾ?

ಲೆಕ್ಕಿಗ

ಬಿಟ್ಟುಬಿಡಿ. ಕೆಲಸ ಮುಗಿದ ಮೇಲೆ ಕರಗಿಹೋಗೋದು ಇಂಥ ಗುಂಪುಗಳ ಜಾಯಮಾನ.

ಇದು ನನ್ನ ತಲೆಯಿಂದ ಹುಟ್ಟಿದ ಮಾತಲ್ಲ. 1917ರ ಡಿಸೆಂಬರ್ 6ರಂದು ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಮದ್ದುಗುಂಡು ತುಂಬಿದ ಹಡಗು ಸಿಡಿದು ಊರಿನ ಒಂದು ಭಾಗವೇ ನೆಲಸಮವಾಯಿತು. ಅಲ್ಲಿ ಪಾದ್ರಿಯಾಗಿದ್ದ ಸ್ಯಾಮ್ಯುಯೆಲ್ ಪ್ರಿನ್ಸ್ ಅದನ್ನೇ ವಿಷಯವಾಗಿಟ್ಟುಕೊಂಡು ಸಮಾಜಶಾಸ್ತ್ರದ ಪ್ರಬಂಧ ಬರೆದರು. ವಿಪತ್ತಿನಲ್ಲಿ ಜನ ಹೇಗೆ ನಡೆದುಕೊಳ್ತಾರೆ ಅನ್ನೋ ಅಧ್ಯಯನ ಅಲ್ಲಿಂದ ಶುರು ಅಂತಾರೆ. 1963ರಲ್ಲಿ ಅಮೆರಿಕದ ಒಹಾಯೊದಲ್ಲಿ ಇದಕ್ಕೇ ಒಂದು ಸಂಶೋಧನಾ ಕೇಂದ್ರ ಹುಟ್ಟಿತು. ಎನ್ರಿಕೊ ಕ್ವಾರಂಟೆಲಿ, ರಸೆಲ್ ಡೈನ್ಸ್ ಮತ್ತು ಅವರ ಜೊತೆಗಾರರು ಭೂಕಂಪ, ಚಂಡಮಾರುತ, ಸ್ಫೋಟ ಅಂತ ಹೋದ ಕಡೆಯೆಲ್ಲ ಒಂದು ಸಂಗತಿ ಕಂಡರು. ಹೆಸರಿಲ್ಲದ, ಅಧ್ಯಕ್ಷರಿಲ್ಲದ ಗುಂಪುಗಳು ಹಾಗೇ ಹುಟ್ಟಿಕೊಳ್ತವೆ, ಕೆಲಸ ಮಾಡ್ತವೆ, ಹೋಗ್ತವೆ.

ಉಳಿಸಿಕೊಳ್ತೀವಿ ಅಂತ ಹೊರಟವರ ಗತಿ ನಾನು ಕಣ್ಣಾರೆ ನೋಡಿದ್ದೀನಿ. ಮೊದಲು ನೋಂದಣಿ, ಆಮೇಲೆ ಲೆಟರ್‌ಹೆಡ್, ಆಮೇಲೆ ಅಧ್ಯಕ್ಷಗಿರಿಗೆ ಇಬ್ಬರು. ಮುಂದಿನ ನೆರೆ ಬರೋ ಹೊತ್ತಿಗೆ ಅವರಿಬ್ಬರ ನಡುವೆ ಮಾತೇ ಇರಲ್ಲ.

ಇರುವೆಸಾಲು

@ಲೆಕ್ಕಿಗ, ಅರ್ಧ ಒಪ್ಪಿದೆ. ಗುಂಪು ಕರಗಲಿ. ಆದರೆ ಕರಗಿದ ಮೇಲೆ ತಳದಲ್ಲಿ ಏನಾದರೂ ಉಳೀತಾ ಇಲ್ಲವಾ ಅನ್ನೋದರ ಮೇಲೆ ಮುಂದಿನ ಸಲದ ಕಥೆ ನಿಂತಿರುತ್ತೆ.

1995ರ ಜನವರಿ 17ರ ಬೆಳಗಿನ ಜಾವ ಜಪಾನಿನ ಕೋಬೆಯಲ್ಲಿ ಭೂಕಂಪ ಆಯಿತು. 6,400ಕ್ಕೂ ಹೆಚ್ಚು ಸಾವು. ಕುಸಿದ ಮನೆಗಳಡಿ ಸಿಕ್ಕಿಬಿದ್ದವರು ಸುಮಾರು 35,000. ಅವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನರನ್ನು ಹೊರಗೆಳೆದದ್ದು ಮನೆಯವರು, ಅಕ್ಕಪಕ್ಕದವರು. ಅಗ್ನಿಶಾಮಕ ದಳ, ಪೊಲೀಸ್, ಸೈನ್ಯ ಎಲ್ಲ ಸೇರಿ ತೆಗೆದದ್ದು ಉಳಿದ ಪಾಲು. ಅವರದು ತಪ್ಪು ಅಂತಲ್ಲ, ಒಂದೇ ಹೊತ್ತಿಗೆ ಊರೆಲ್ಲ ಬಿದ್ದರೆ ಎಷ್ಟು ಕಡೆ ಹೋಗ್ತಾರೆ. ಅಜ್ಜ ಯಾವ ಕೋಣೆಯಲ್ಲಿ ಮಲಗ್ತಾರೆ ಅನ್ನೋದು ಪಕ್ಕದ ಮನೆಯವರಿಗೆ ಗೊತ್ತಿರುತ್ತೆ. ಅಗೆಯೋದು ಎಲ್ಲಿಂದ ಅನ್ನೋದಕ್ಕೆ ಅದಕ್ಕಿಂತ ದೊಡ್ಡ ಮಾಹಿತಿ ಇಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಅದೇ ಊರಲ್ಲಿ ಮಾನೊ ಅಂತ ಒಂದು ಬಡಾವಣೆ. ಭೂಕಂಪದ ಬೆನ್ನಿಗೇ ಬೆಂಕಿ ಹತ್ತಿತು. ಮಾನೊದ ಜನ ಸಾಲು ನಿಂತು ಬಕೆಟ್ ದಾಟಿಸುತ್ತಾ, ಅಲ್ಲೇ ಇದ್ದ ಕಾರ್ಖಾನೆಯೊಂದರ ಬೆಂಕಿ ನಂದಿಸುವ ತಂಡದ ಜೊತೆ ಸೇರಿ ಬೆಂಕಿಯನ್ನು ತಡೆದರು. ಅದೇ ಥರದ ಇನ್ನೊಂದು ಬಡಾವಣೆ ಮಿಕುರಾ. ಅಲ್ಲಿಯವರು ನಿಂತು ನೋಡಿದರು, ಮನೆಗಳು ಸುಟ್ಟುಹೋದವು. ಡೇನಿಯಲ್ ಆಲ್ಡ್ರಿಚ್ ಅನ್ನೋ ಸಂಶೋಧಕರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದಾರೆ. ಮಾನೊದವರು 1960ರ ದಶಕದಲ್ಲಿ ಕಾರ್ಖಾನೆಗಳ ಹೊಗೆ, ಗಲೀಜಿನ ವಿರುದ್ಧ ಒಟ್ಟಿಗೆ ಹೋರಾಡಿದವರು. ಆಗ ಶುರುವಾದ ಸಭೆಗಳು ನಿಂತಿರಲೇ ಇಲ್ಲ. ಮೂವತ್ತು ವರ್ಷದ ಹಿಂದೆ ಹೊಗೆಗೆ ಅಂತ ಸೇರಿದವರು ಬೆಂಕಿಗೆ ಬಂದರು ಅನ್ನಿ.

ಭೂಕಂಪಕ್ಕೆ ಅಂತ ಅವರು ಯಾವ ಗುಂಪನ್ನೂ ಮಾಡಿಟ್ಟುಕೊಂಡಿರಲಿಲ್ಲ ಅನ್ನೋದು ಗಮನಿಸಿ.

ಮುಂಗೋಪಿ

ಕೇಳೋಕೆ ಚೆನ್ನಾಗಿದೆ. ನಿಜವಾದ ಕಷ್ಟ ಬಂದರೆ ಜನ ಅಂಗಡಿ ಬಾಗಿಲು ಒಡೀತಾರೆ. ಕತ್ರಿನಾ ಚಂಡಮಾರುತ ಆದಾಗ ಟೀವಿಯಲ್ಲಿ ಎಲ್ಲರೂ ನೋಡಿದ್ದೀವಿ.

ನಡುರಾತ್ರಿ

@ಮುಂಗೋಪಿ, ಟೀವಿಯಲ್ಲಿ ನೋಡಿದ್ದೇ ಅಲ್ಲಿನ ಅರ್ಧ ಅನಾಹುತ.

2005ರ ಆಗಸ್ಟ್ ಕೊನೆಯಲ್ಲಿ ಆ ಚಂಡಮಾರುತಕ್ಕೆ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರ ಮುಳುಗಿದಾಗ ಸೂಪರ್‌ಡೋಮ್ ಕ್ರೀಡಾಂಗಣದೊಳಗೆ ಸಾವಿರಾರು ಜನ ಆಶ್ರಯ ಪಡೆದಿದ್ದರು. ಒಳಗೆ ಕೊಲೆ, ಅತ್ಯಾಚಾರ, ಹೆಣಗಳ ರಾಶಿ ಅಂತ ಸುದ್ದಿ ಹಬ್ಬಿತು. 200 ಹೆಣ ಇರಬಹುದು ಅಂತ ಶೀತಲ ಲಾರಿ ತಂದು ನಿಲ್ಲಿಸಿದರು. ಸಿಕ್ಕಿದ್ದು 6. ಅದರಲ್ಲಿ ಒಂದೂ ಕೊಲೆಯಲ್ಲ. ಆ ಸುದ್ದಿ ನಂಬಿಕೊಂಡು ಏನಾಯಿತು ಗೊತ್ತಾ? ಜನರನ್ನು ಮಾಳಿಗೆಯಿಂದ ಇಳಿಸುತ್ತಿದ್ದ ಪೊಲೀಸರನ್ನು ಆ ಕೆಲಸ ಬಿಡಿಸಿ ಲೂಟಿ ತಡೆಯೋಕೆ ಕಳಿಸಿದರು. ಸೆಪ್ಟೆಂಬರ್ 4ರಂದು ಡ್ಯಾನ್ಜಿಗರ್ ಸೇತುವೆ ಮೇಲೆ ಆಯುಧವಿಲ್ಲದೆ ನಡೆದುಹೋಗುತ್ತಿದ್ದವರ ಮೇಲೆ ಪೊಲೀಸರೇ ಗುಂಡು ಹಾರಿಸಿ ಇಬ್ಬರನ್ನು ಕೊಂದರು, ನಾಲ್ವರಿಗೆ ಗಾಯ.

ಜನ ದಿಗಿಲು ಬೀಳ್ತಾರೆ ಅಂತ ಮೇಲಿನವರು ದಿಗಿಲು ಬೀಳೋದಕ್ಕೆ ಲೀ ಕ್ಲಾರ್ಕ್, ಕ್ಯಾರನ್ ಚೆಸ್ ಅನ್ನೋ ಸಂಶೋಧಕರು ಒಂದು ಹೆಸರೇ ಕೊಟ್ಟಿದ್ದಾರೆ, ಗಣ್ಯರ ದಿಗಿಲು ಅನ್ನಬಹುದು ಕನ್ನಡದಲ್ಲಿ.

ಮುಂಗೋಪಿ

ಸರಿ, ಕತ್ರಿನಾ ಬಿಡ್ತೀನಿ. 1977ರ ಜುಲೈ 13ರ ರಾತ್ರಿ ನ್ಯೂಯಾರ್ಕಿನಲ್ಲಿ ಕರೆಂಟ್ ಹೋದಾಗ 1,600ಕ್ಕೂ ಹೆಚ್ಚು ಅಂಗಡಿ ಲೂಟಿಯಾದವು, 3,000ಕ್ಕೂ ಹೆಚ್ಚು ಜನರನ್ನು ಹಿಡಿದರು. ಇದು ಗಾಳಿಸುದ್ದಿಯಲ್ಲ. ಏನಂತೀರಿ?

ನಡುರಾತ್ರಿ

ನಿಜ, ಒಪ್ಪಿಕೊಳ್ತೀನಿ. ಆದರೆ ಅದೇ ಊರಲ್ಲಿ 1965ರ ನವೆಂಬರಿನಲ್ಲೂ ಕರೆಂಟ್ ಹೋಗಿತ್ತು, 2003ರ ಆಗಸ್ಟಿನಲ್ಲೂ ಹೋಗಿತ್ತು. ಆ ಎರಡೂ ರಾತ್ರಿ ಹೆಚ್ಚುಕಡಿಮೆ ಶಾಂತವಾಗಿ ಕಳೆದವು. ಬೀದಿಯಲ್ಲಿ ಸಾಮಾನ್ಯ ಜನ ನಿಂತು ವಾಹನಗಳಿಗೆ ದಾರಿ ತೋರಿಸಿದರು. 1977ರಲ್ಲಿ ಆ ನಗರ ದಿವಾಳಿ ಅಂಚಿನಲ್ಲಿತ್ತು, ಕೆಲಸ ಇರಲಿಲ್ಲ, ಸುಡೋ ಬೇಸಿಗೆ, ನಗರಸಭೆ ಕೈಬಿಟ್ಟ ಬಡಾವಣೆಗಳು. ಜನ ಒಳ್ಳೆಯವರಾ ಕೆಟ್ಟವರಾ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಕತ್ತಲಾಗೋಕೆ ಮುಂಚೆ ಅವರನ್ನು ಹೇಗೆ ನಡೆಸಿಕೊಂಡಿದ್ದಿರಿ ಅಂತ ಕೇಳಿ, ಅದಕ್ಕೆ ಉತ್ತರ ಸಿಗುತ್ತೆ.

ಮುಂಗೋಪಿ

ಇದು ಸ್ವಲ್ಪ ಸರಿ ಅನಿಸ್ತು. ಸ್ವಲ್ಪ ಮಾತ್ರ.

ನಡುರಾತ್ರಿ

@ಕಂದೀಲು, ನಿಮ್ಮ ಮೂಲ ಪ್ರಶ್ನೆ ಎಲ್ಲೋ ಕಳೆದುಹೋಗ್ತಿದೆ, ಅದಕ್ಕೇ ಮತ್ತೆ ಬಂದೆ. ನಾನು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡೋಳು, ಕಷ್ಟದಲ್ಲಿರೋರನ್ನೇ ದಿನಾ ನೋಡೋದು. ಸಹಾಯ ಮಾಡೋರಿಗೆ ಬರ ಇದ್ದದ್ದು ಕಡಿಮೆ, ಕೇಳೋರಿಗೇ ಬರ.

2020ರ ಮಾರ್ಚಿನಲ್ಲಿ ಬ್ರಿಟನ್ನಿನ ಆರೋಗ್ಯ ಸೇವೆಯವರು ಮನೆಯಲ್ಲಿ ಒಂಟಿಯಾಗಿ ಸಿಕ್ಕಿಕೊಂಡವರಿಗೆ ಸಹಾಯ ಮಾಡೋಕೆ 2,50,000 ಸ್ವಯಂಸೇವಕರು ಬೇಕು ಅಂದರು. ಕೆಲವೇ ದಿನಗಳಲ್ಲಿ 7,50,000 ಜನ ಹೆಸರು ಕೊಟ್ಟರು. ಸಾಕು ನಿಲ್ಲಿ ಅನ್ನಬೇಕಾಯಿತು. ಆಮೇಲೆ ಅವರಲ್ಲಿ ಎಷ್ಟೋ ಜನ ಫೋನ್ ಹಿಡ್ಕೊಂಡು ಕಾದರು, ಕೆಲಸವೇ ಬರಲಿಲ್ಲ.

ಇದಕ್ಕೆ ಸರಿಹೊಂದೋ ಒಂದು ಪ್ರಯೋಗ ಇದೆ. 2008ರಲ್ಲಿ ಫ್ರಾನ್ಸಿಸ್ ಫ್ಲಿನ್ ಮತ್ತೆ ವೆನೆಸ್ಸಾ ಬೋನ್ಸ್ ಪ್ರಕಟಿಸಿದ್ದು. ಗುರುತಿಲ್ಲದವರ ಹತ್ತಿರ ಹೋಗಿ ಸಣ್ಣ ಉಪಕಾರ ಕೇಳಿ ಅಂತ ಜನರನ್ನು ಕಳಿಸಿದರು. ಹೋಗೋ ಮುಂಚೆ, ಬೇಕಾದಷ್ಟು ಜನ ಹೂಂ ಅನ್ನೋಕೆ ಎಷ್ಟು ಜನರನ್ನು ಕೇಳಬೇಕಾಗಬಹುದು ಅಂತ ಅಂದಾಜು ಬರೆಸಿಕೊಂಡರು. ನಿಜಕ್ಕೂ ಕೇಳಬೇಕಾಗಿ ಬಂದದ್ದು ಅಂದಾಜಿನ ಸುಮಾರು ಅರ್ಧ. ಕೇಳೋನಿಗೆ ತನ್ನ ಮುಜುಗರ ಮಾತ್ರ ಕಾಣುತ್ತೆ. ಎದುರಿಗಿರೋನಿಗೆ ಇಲ್ಲ ಅನ್ನೋದು ಎಷ್ಟು ಕಷ್ಟ ಅಂತ ಕಾಣಲ್ಲ.

ಹಾಗಾಗಿ "ಏನಾದರೂ ಬೇಕಿದ್ದರೆ ಹೇಳಿ" ಅನ್ನೋ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ಆ ಮಾತು ಆಡಿದ ಮೇಲೆ ಕೇಳೋ ಭಾರ ಪೂರ್ತಿ ಅವರ ತಲೆ ಮೇಲೆ. "ನಾನೀಗ ನೀರು ತರೋಕೆ ಹೋಗ್ತಿದ್ದೀನಿ, ನಿಮಗೆ ಒಂದು ಕ್ಯಾನ್ ತರಲಾ ಎರಡಾ?" ಅನ್ನಿ. ಬೇಡ ಅನ್ನೋಕೆ ಅವರು ಕಷ್ಟಪಡಬೇಕು, ಬೇಕು ಅನ್ನೋಕೆ ಅಲ್ಲ.

ಒಂಟಿಮರ

ನಾನು ಸಾಮಾನ್ಯವಾಗಿ ಇಲ್ಲಿ ಓದುವವಳು, ಬರೆಯುವವಳಲ್ಲ. ಆದರೆ ಕೊಡುವವರೇ ಮಾತಾಡುತ್ತಿದ್ದೀರಿ, ತೆಗೆದುಕೊಂಡವರ ಕಡೆಯಿಂದ ಒಬ್ಬರಾದರೂ ಮಾತಾಡಲಿ ಅಂತ ಬರೆಯುತ್ತಿದ್ದೇನೆ. ನನಗೆ ಅರವತ್ತೆಂಟು. ಒಬ್ಬಳೇ ಇರುತ್ತೇನೆ. ಕಂದೀಲು ಅವರು ಹೇಳಿದ ಮೂರನೇ ಬಾಗಿಲು ನನ್ನದೇ ಅಂತ ಇಟ್ಟುಕೊಳ್ಳಿ.

ಕೊರೋನಾ ಕಾಲದಲ್ಲಿ ಒಬ್ಬ ಹುಡುಗ ಬಿಪಿ ಮಾತ್ರೆ ತಂದುಕೊಟ್ಟ. ಪುಣ್ಯಾತ್ಮ, ಬಿಸಿಲಲ್ಲಿ ಬಂದಿದ್ದ. ಕೊಟ್ಟಾದ ಮೇಲೆ "ಆಂಟಿ, ಆ ಕವರ್ ಹಿಡ್ಕೊಂಡು ಸ್ವಲ್ಪ ನಗಿ" ಅಂದು ಫೋಟೋ ತೆಗೆದ. ಅವನ ಸಂಘದವರಿಗೆ ಲೆಕ್ಕ ತೋರಿಸಬೇಕಿತ್ತೇನೋ. ನಾನು ನಕ್ಕೆ. ಮುಂದಿನ ವಾರ ಅವನು ಫೋನ್ ಮಾಡಿ ಏನಾದರೂ ಬೇಕಾ ಅಂದಾಗ ಮಾತ್ರೆ ಮುಗಿದಿತ್ತು. ಎಲ್ಲ ಇದೆಯಪ್ಪ ಅಂದುಬಿಟ್ಟೆ. ಒಂದು ಮಾತ್ರೆಯನ್ನು ಅರ್ಧ ಮಾಡಿ ಎರಡು ದಿನ ತಳ್ಳಿದ್ದೆ, ಮೂರನೇ ದಿನ ತಲೆ ಸುತ್ತಿ ಕೂತೆ. ಹುಚ್ಚುತನ ಅಂತ ಗೊತ್ತು. ಆದರೂ ಆ ಫೋಟೋಗಿಂತ ತಲೆಸುತ್ತು ವಾಸಿ ಅನಿಸಿತ್ತು.

ಆಮೇಲೆ ಇನ್ನೊಬ್ಬಳು ಹುಡುಗಿ ಫೋನ್ ಮಾಡಿದಳು. ಅವಳು ನನಗೇನು ಬೇಕು ಅಂತ ಕೇಳಲೇ ಇಲ್ಲ. "ಮೇಡಂ, ನೀವು ಟೀಚರ್ ಆಗಿದ್ದಿರಂತೆ. ನಮ್ಮ ಹತ್ತಿರ ಒಂಟಿಯಾಗಿರೋ ಹನ್ನೊಂದು ಜನರ ನಂಬರ್ ಇದೆ, ನಮಗೆ ದಿನಾ ಮಾತಾಡಿಸೋಕೆ ಆಗ್ತಿಲ್ಲ. ಬೆಳಿಗ್ಗೆ ಒಂದೊಂದು ಕರೆ ಮಾಡ್ತೀರಾ?" ಅಂದಳು. ಮಾಡಿದೆ. ಹಾಜರಿ ಕರೆದ ಹಾಗೆ! ಒಬ್ಬರು ದಿನಾ ತಮ್ಮ ಬೆಕ್ಕಿನ ವರದಿ ಕೊಡುತ್ತಿದ್ದರು, ಇನ್ನೊಬ್ಬರು ಬೈಯುತ್ತಿದ್ದರು, ಆದರೆ ಎಂಟೂ ಮುಕ್ಕಾಲಿಗೆ ಸರಿಯಾಗಿ ಫೋನಿನ ಪಕ್ಕ ಕೂತಿರುತ್ತಿದ್ದರು. ಎರಡನೇ ವಾರ ನಾನೇ ಆ ಹುಡುಗಿಗೆ "ನೋಡಮ್ಮ, ನನಗೆ ಮಾತ್ರೆ ಮುಗಿದಿದೆ, ಯಾರಾದರೂ ಇದ್ದರೆ ಕಳಿಸು" ಅಂದೆ. ಬಾಯಿಂದ ಸಲೀಸಾಗಿ ಬಂತು. ನನ್ನ ಕೈಯೂ ಆ ಲೆಕ್ಕದಲ್ಲಿ ಸೇರಿದೆ ಅನ್ನುವ ಧೈರ್ಯವಿತ್ತು.

ಮೂರನೇ ಬಾಗಿಲಿನವರಿಗೆ ನೀರು ಕೊಡುವುದು ಮುಂದಿನ ನೆರೆಯ ಮಾತು. ಈಗ ಅವರ ಹತ್ತಿರ ಏನಾದರೂ ಕೇಳಿ. ಏಣಿ ಕೇಳಿ. ಬೀಗದ ಕೈ ಇಟ್ಟುಕೊಳ್ಳಿ ಅನ್ನಿ.

ಕಂದೀಲು

@ಒಂಟಿಮರ, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ ಮೇಡಂ. ಆ ದಿನಗಳಲ್ಲಿ ಫೋಟೋ ತೆಗೆದವರಲ್ಲಿ ನಾನೂ ಒಬ್ಬ. ಗುಂಪಲ್ಲಿ ಹಾಕಿದರೆ ಇನ್ನಷ್ಟು ಜನ ಕೊಡ್ತಾರೆ ಅಂತ.

ಇರುವೆಸಾಲು

ಒಂಟಿಮರ ಮೇಡಂ ಹೇಳಿದ ಬೆಳಗಿನ ಕರೆ ಸಣ್ಣ ವಿಷಯ ಅಲ್ಲ. ಒಂದು ಲೆಕ್ಕ ಹೇಳ್ತೀನಿ. 1995ರ ಜುಲೈನಲ್ಲಿ ಅಮೆರಿಕದ ಶಿಕಾಗೊದಲ್ಲಿ ಬಿಸಿಗಾಳಿ ಬಂತು. ಒಂದೇ ವಾರದಲ್ಲಿ ಮಾಮೂಲಿಗಿಂತ 739 ಸಾವು ಹೆಚ್ಚು. ಸತ್ತವರಲ್ಲಿ ತುಂಬಾ ಜನ ಒಂಟಿಯಾಗಿದ್ದ ವೃದ್ಧರು, ಕಿಟಕಿ ಬಾಗಿಲು ಹಾಕಿಕೊಂಡು. ಎರಿಕ್ ಕ್ಲಿನೆನ್‌ಬರ್ಗ್ ಅನ್ನೋ ಸಮಾಜಶಾಸ್ತ್ರಜ್ಞರು ಅಕ್ಕಪಕ್ಕದ ಎರಡು ಬಡಾವಣೆಗಳನ್ನು ಹೋಲಿಸಿದರು, ನಾರ್ತ್ ಲಾನ್‌ಡೇಲ್ ಮತ್ತು ಸೌತ್ ಲಾನ್‌ಡೇಲ್. ಎರಡರಲ್ಲೂ ಬಡವರು, ಎರಡರಲ್ಲೂ ಒಂಟಿ ವೃದ್ಧರು, ಬಿಸಿಲಂತೂ ಒಂದೇ. ಮೊದಲನೆಯದರಲ್ಲಿ ಸಾವಿನ ಪ್ರಮಾಣ ಎರಡನೆಯದರ ಸುಮಾರು ಹತ್ತು ಪಟ್ಟು!

ಒಂದು ಕಡೆ ಅಂಗಡಿಗಳು ಮುಚ್ಚಿದ್ದವು, ಖಾಲಿ ನಿವೇಶನಗಳು, ಹೊರಗೆ ಕಾಲಿಡೋಕೆ ಭಯ. ಇನ್ನೊಂದು ಕಡೆ ಬೀದಿ ತುಂಬಾ ಜನ, ಅಂಗಡಿ, ಗಲಾಟೆ. ವೃದ್ಧರು ಹೊರಗೆ ಬರ್ತಿದ್ದರು, ಬರದಿದ್ದರೆ ಯಾರೋ ಒಬ್ಬರು ಗಮನಿಸ್ತಿದ್ದರು. ಎರಡನೇ ಬಡಾವಣೆಯವರು ಹೆಚ್ಚು ದಯಾವಂತರು ಅಂತೇನೂ ಅಲ್ಲ. ಅವರ ಬೀದಿ ಹಾಗಿತ್ತು, ಅಷ್ಟೇ. ಈ ಕಥೆ ಹೇಳುವಾಗೆಲ್ಲ ಜನ "ನಮ್ಮ ಸಂಸ್ಕೃತಿ" ಅಂತ ಶುರು ಮಾಡ್ತಾರೆ, ನನಗೆ ಕಿರಿಕಿರಿ. ಕೂರೋಕೆ ಒಂದು ಕಟ್ಟೆ ಇದೆಯಾ, ರಾತ್ರಿ ದೀಪ ಉರಿಯುತ್ತಾ, ಅದನ್ನು ಮೊದಲು ನೋಡಬೇಕು.

ಮೂಲೆಮನೆ

ಎಲ್ಲರೂ ತುಂಬಾ ಖುಷಿಯಲ್ಲಿದ್ದೀರಿ, ಹುಳಿ ಹಿಂಡ್ತಿದ್ದೀನಿ, ಕ್ಷಮೆ ಇರಲಿ.

@ಕಂದೀಲು, ಯಾರು ಬಾಡಿಗೆಯವರು ಅಂತ ಯಾರೂ ಕೇಳಲಿಲ್ಲ ಅಂದಿರಿ. ನಿಮ್ಮ ಕಿವಿಗೆ ಬೀಳಲಿಲ್ಲ ಅಂತ ತಿದ್ದಿಕೊಳ್ಳಿ. ನಾನು ಹತ್ತು ವರ್ಷದಲ್ಲಿ ಐದು ಮನೆ ಬದಲಾಯಿಸಿದವನು. ನಿಮ್ಮಂಥ ಗುಂಪು ನಾನಿದ್ದ ಕಡೆಯೂ ಇತ್ತು. ನೀರಿನ ಟ್ಯಾಂಕರ್ ಬಂದಾಗ ಮೊದಲು ಗುಂಪಿನವರಿಗೆ ಅಂದರು. ಗುಂಪಿಗೆ ಸೇರಿಸಿ ಅಂದರೆ, ಪರಿಚಯದವರು ಯಾರಾದರೂ ಹೇಳಬೇಕು ಅಂದರು. ಪರಿಚಯ ಆಗೋಕೆ ಗುಂಪಿಗೆ ಸೇರಬೇಕು. ಆಯಿತಲ್ಲ!

ನಂಬಿಕೆ ಅಂದ ಕೂಡಲೇ ಒಳ್ಳೆಯದು ಅಂದುಕೊಳ್ತೀವಿ. 1923ರ ಸೆಪ್ಟೆಂಬರ್ 1ರಂದು ಜಪಾನಿನ ಕಾಂಟೊ ಪ್ರದೇಶದಲ್ಲಿ ಭೂಕಂಪ ಆಗಿ ಟೋಕಿಯೊ, ಯೊಕೊಹಾಮಾ ಸುಟ್ಟುಹೋದವು, ಒಂದು ಲಕ್ಷಕ್ಕೂ ಹೆಚ್ಚು ಸಾವು. ಕೊರಿಯಾದವರು ಬಾವಿಗೆ ವಿಷ ಹಾಕ್ತಿದ್ದಾರೆ, ಬೆಂಕಿ ಹಚ್ತಿದ್ದಾರೆ ಅಂತ ಗಾಳಿಸುದ್ದಿ ಹುಟ್ಟಿತು. ಊರೂರಲ್ಲಿ ಜನ ಕಾವಲು ತಂಡ ಕಟ್ಟಿಕೊಂಡರು. ದಾರಿಯಲ್ಲಿ ಹೋಗೋರನ್ನು ನಿಲ್ಲಿಸಿ ಜಪಾನಿ ಪದಗಳನ್ನು ಹೇಳಿಸಿ, ಉಚ್ಚಾರ ತಪ್ಪಿದವರನ್ನು ಹೊಡೆದು ಕೊಂದರು. ಸತ್ತ ಕೊರಿಯನ್ನರು ಸಾವಿರಾರು. ಆ ಕಾವಲು ತಂಡದವರು ಒಬ್ಬರನ್ನೊಬ್ಬರು ನಂಬಿದ್ದರು. ರಾತ್ರಿಯಿಡೀ ಎದ್ದಿದ್ದು ಒಬ್ಬರಿಗೊಬ್ಬರು ಆಗುತ್ತಿದ್ದರು. ನೀವು ಇಲ್ಲಿ ಹೊಗಳುತ್ತಿರೋ ಗುಣಗಳೆಲ್ಲ ಅವರಲ್ಲಿದ್ದವು.

ಇರುವೆಸಾಲು ಅವರು ಹೆಸರಿಸಿದ ಆಲ್ಡ್ರಿಚ್ ಅವರೇ 2004ರ ಸುನಾಮಿ ಆದಮೇಲೆ ತಮಿಳುನಾಡಿನ ಕರಾವಳಿಯನ್ನೂ ನೋಡಿದ್ದಾರೆ. ಒಗ್ಗಟ್ಟು ಗಟ್ಟಿಯಾಗಿದ್ದ ಊರುಗಳಿಗೆ ಪರಿಹಾರ ಬೇಗ ಬಂತು. ಅದೇ ಊರುಗಳಲ್ಲಿ ದಲಿತರು, ವಿಧವೆಯರು, ಪಂಚಾಯಿತಿಯ ಲೆಕ್ಕಕ್ಕೆ ಬಾರದವರು ಹೊರಗುಳಿದರು. ಹಗ್ಗ ಗಟ್ಟಿ ಇದ್ದಷ್ಟೂ ಗಂಟು ಬಿಗಿ.

ಲೆಕ್ಕಿಗ

ಮೂಲೆಮನೆಯವರ ಮಾತು ಈ ಚರ್ಚೆಯಲ್ಲೇ ತೂಕದ್ದು. ಪಟ್ಟಿಯನ್ನು ಬಾಗಿಲಿನ ಲೆಕ್ಕದಲ್ಲಿ ಮಾಡಬೇಕು, ಪರಿಚಯದ ಲೆಕ್ಕದಲ್ಲಲ್ಲ. ಎಷ್ಟು ಬಾಗಿಲಿದೆಯೋ ಅಷ್ಟು ಸಾಲು. ಒಳಗಿರೋರು ಇಷ್ಟವೋ ಕಷ್ಟವೋ, ಅದು ಬೇರೆ.

ಇನ್ನೊಂದು, ದುಡ್ಡು. ಯಾರೂ ಎತ್ತಲಿಲ್ಲ, ಆದರೆ ಇಂಥ ಗುಂಪುಗಳನ್ನು ಕೊಲ್ಲೋದು ಅದೇ. "ನಮ್ಮ ಮೇಲೆ ನಂಬಿಕೆ ಇಲ್ವಾ" ಅಂತ ಯಾರಾದರೂ ಲೆಕ್ಕ ಕೊಡೋಕೆ ಹಿಂದೇಟು ಹಾಕಿದರೆ ಅಲ್ಲಿಗೆ ಗುಂಪು ಮುಗೀತು ಅಂತ ತಿಳ್ಕೊಳ್ಳಿ. ಲೆಕ್ಕ ಕೇಳೋದು ಅಪನಂಬಿಕೆಯಲ್ಲ ಸ್ವಾಮಿ, ನಂಬಿಕೆ ಉಳಿಯೋದೇ ಅದರಿಂದ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಜೀವಮಾನವಿಡೀ ಇದನ್ನೇ ನೋಡಿದ್ದು, ಜನ ತಮ್ಮಷ್ಟಕ್ಕೆ ತಾವೇ ನೀರು, ಹುಲ್ಲುಗಾವಲು, ಕಾಡನ್ನು ಶತಮಾನಗಟ್ಟಲೆ ಹೇಗೆ ಹಂಚಿಕೊಂಡರು ಅಂತ. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಅನ್ನೋ ಹಳ್ಳಿಯ ಒಂದು ಕಟ್ಟಳೆ ಅವರು ಉದಾಹರಿಸ್ತಾರೆ, 1517ರದ್ದು. ಚಳಿಗಾಲದಲ್ಲಿ ನಿನ್ನ ಮೇವಿನಲ್ಲಿ ಎಷ್ಟು ಹಸು ಸಾಕಬಲ್ಲೆಯೋ ಅಷ್ಟನ್ನೇ ಬೇಸಿಗೆಯಲ್ಲಿ ಊರ ಹುಲ್ಲುಗಾವಲಿಗೆ ಹೊಡೆಯಬಹುದು. ಹೆಚ್ಚು ಹೊಡೆದರೆ ದಂಡ. ಹಸು ಎಣಿಸೋದು ಎಲ್ಲರಿಗೂ ಬರುತ್ತಲ್ಲ, ಅಲ್ಲಿದೆ ಜಾಣತನ. ಯಾರ ಪ್ರಾಮಾಣಿಕತೆಯನ್ನೂ ಊಹಿಸೋ ಅಗತ್ಯ ಇಲ್ಲ.

ಬಂದದ್ದು, ಹೋದದ್ದು, ಉಳಿದದ್ದು, ಮೂರು ಸಾಲು ಪ್ರತಿ ರಾತ್ರಿ ಗುಂಪಿನಲ್ಲಿ ಹಾಕಿ. ರಸೀದಿಯ ಫೋಟೋ ತೆಗೀರಿ, ಮುದುಕರ ಫೋಟೋ ಬೇಡ.

ಮುಂಗೋಪಿ

ಕೊನೆ ಸಾಲಿಗೆ ಚಪ್ಪಾಳೆ.

ನನಗಿರೋ ಸಿಟ್ಟು ಬೇರೆ. ಎಲ್ಲ ನೀವೇ ಮಾಡ್ಕೊಂಡರೆ ತೆರಿಗೆ ಯಾಕೆ ಕಟ್ಟೋದು? 2024ರ ಅಕ್ಟೋಬರ್ 29ರಂದು ಸ್ಪೇನಿನ ವಲೆನ್ಸಿಯಾದಲ್ಲಿ ನೆರೆ ಬಂದು 200ಕ್ಕೂ ಹೆಚ್ಚು ಜನ ಸತ್ತರು. ಮೊಬೈಲಿಗೆ ಎಚ್ಚರಿಕೆ ಬಂದದ್ದು ರಾತ್ರಿ ಎಂಟು ದಾಟಿದ ಮೇಲೆ, ಅಷ್ಟರಲ್ಲಿ ಎಷ್ಟೋ ಕಡೆ ನೀರು ಮನೆಯೊಳಗಿತ್ತು. ಮುಂದಿನ ದಿನಗಳಲ್ಲಿ ಸಾವಿರಾರು ಜನ ಪೊರಕೆ, ಸಲಿಕೆ ಹಿಡಿದು ಸೇತುವೆ ದಾಟಿ ಕೆಸರು ಬಾಚೋಕೆ ನಡೆದು ಹೋದರು. ಎಲ್ಲರೂ ಹೊಗಳಿದರು, ಸರಿ. "ಜನರನ್ನು ಜನರೇ ಉಳಿಸೋದು" ಅಂತ ಘೋಷಣೆ ಬೇರೆ. ಆ ಘೋಷಣೆ ಕೇಳಿ ಯಾರಿಗೆ ನೆಮ್ಮದಿ ಆಗಿರುತ್ತೆ ಹೇಳಿ? ಎಚ್ಚರಿಕೆ ತಡ ಮಾಡಿದವರಿಗೆ.

ನಡುರಾತ್ರಿ

ಇಲ್ಲಿ ಮುಂಗೋಪಿಯವರ ಜೊತೆ ನಿಲ್ತೀನಿ, ನನಗೇ ಆಶ್ಚರ್ಯ. ನೆರೆಹೊರೆಯವರು ಮೊದಲ ಕೆಲವು ಗಂಟೆಗಳಲ್ಲಿ ಕೆಲಸಕ್ಕೆ ಬರ್ತಾರೆ. ಡಯಾಲಿಸಿಸ್ ಯಂತ್ರ, ಕುಸಿದ ಸೇತುವೆ, ಕೆಟ್ಟ ನೀರಿನ ಕೊಳವೆ ಇದಕ್ಕೆಲ್ಲ ವಾಟ್ಸಾಪ್ ಗುಂಪು ಸಾಲದು. ಕೊರೋನಾದಲ್ಲಿ ಆಕ್ಸಿಜನ್ ಇದೆ ಅಂತ ಹಂಚಿದ ನಂಬರುಗಳಲ್ಲಿ ಎಷ್ಟೋ ಸತ್ತ ನಂಬರುಗಳು. ರಾತ್ರಿಯೆಲ್ಲ ಅದಕ್ಕೆ ಕರೆ ಮಾಡುತ್ತಾ ಕೂತವರನ್ನು ನೋಡಿದ್ದೀನಿ, ಆ ಮುಖಗಳನ್ನು ಮರೆಯೋಕಾಗಿಲ್ಲ. ಒಳ್ಳೆ ಮನಸ್ಸಿನಿಂದಲೇ ಕಳಿಸಿದ್ದು ಎಲ್ಲರೂ. ಆ ಕಾಲದಲ್ಲಿ ಕೆಲವು ಹುಡುಗರು ಪ್ರತಿ ನಂಬರಿಗೂ ತಾವೇ ಕರೆ ಮಾಡಿ ನೋಡಿ, ಎಷ್ಟು ಗಂಟೆಗೆ ಪರೀಕ್ಷಿಸಿದ್ದು ಅಂತ ಪಕ್ಕದಲ್ಲಿ ಬರೆಯೋಕೆ ಶುರುಮಾಡಿದರು. ಹೊತ್ತು ಬರೆಯದ ಸುದ್ದಿ ಮುಂದಕ್ಕೆ ಕಳಿಸಬಾರದು, ನಿಮ್ಮ ಗುಂಪಿಗೆ ಒಂದೇ ನಿಯಮ ಇರೋದಾದರೆ ಇದಿರಲಿ.

ಇರುವೆಸಾಲು

ಒಂದು ಸೇರ್ಪಡೆ. ಜನ ಪಕ್ಕಕ್ಕೆ ನಿಂತು ನೋಡ್ತಾರೆ ಅನ್ನೋ ಮಾತು ಆಗಾಗ ಬರುತ್ತೆ. ಆಮ್‌ಸ್ಟರ್‌ಡ್ಯಾಮ್, ಲ್ಯಾಂಕಾಸ್ಟರ್, ಕೇಪ್‌ಟೌನ್ ಮೂರು ಊರುಗಳ ಬೀದಿ ಜಗಳಗಳ 219 ಕ್ಯಾಮೆರಾ ದೃಶ್ಯಗಳನ್ನು ಸಂಶೋಧಕರು ಕೂತು ನೋಡಿದ್ದಾರೆ. ಹತ್ತರಲ್ಲಿ ಒಂಬತ್ತು ಸಲ ಒಬ್ಬರಾದರೂ ಮಧ್ಯೆ ಬಂದಿದ್ದರು. ಸುತ್ತ ಜನ ಹೆಚ್ಚಿದ್ದಷ್ಟೂ ಯಾರಾದರೂ ಬರೋ ಸಾಧ್ಯತೆ ಹೆಚ್ಚು. ಮುಂಗೋಪಿಯವರೇ, ನಿಮಗೇ ಹೇಳ್ತಿರೋದು 🙂

ಮುಂಗೋಪಿ

ಹತ್ತನೆಯದು ನಾನು ಹೋದ ಬೀದಿಯಲ್ಲೇ ಆಗಿರುತ್ತೆ.

ಕಂದೀಲು

ಎರಡು ವಾರ ಕಳೀತು, ಏನಾಯಿತು ಅಂತ ಹೇಳೋಕೆ ಬಂದೆ.

ಹಳೇ ಗುಂಪನ್ನು ಎಬ್ಬಿಸಲಿಲ್ಲ. ಅದು ಮಲಗಿರಲಿ. ಮೂರನೇ ಬಾಗಿಲಿಗೆ ಹೋದೆ, ಒಂಟಿಮರ ಮೇಡಂ ಹೇಳಿದ ಹಾಗೆ ಏಣಿ ಕೇಳಿದೆ. ಇರಲಿಲ್ಲ! ಆದರೆ ಒಳಗೆ ಕರೆದು ಕೂರಿಸಿದರು. ಮಾತಾಡ್ತಾ ಗೊತ್ತಾಯಿತು, ಅವರ ಮನೆಯಲ್ಲಿ ಇನ್ನೂ ಹಳೇ ಲ್ಯಾಂಡ್‌ಲೈನ್ ಇದೆ, ನೆರೆಯ ನಾಲ್ಕೂ ದಿನ ಅದು ಕೆಲಸ ಮಾಡ್ತಿತ್ತಂತೆ. ನಾವು 140 ಜನ ಕಾರಿನ ಹತ್ತಿರ ಚಾರ್ಜಿಗೆ ಸಾಲು ನಿಂತಿದ್ದಾಗ!

ನಮ್ಮ ಮೆಟ್ಟಿಲಿನ ಮನೆಗಳಿಗೆ ವಾರಕ್ಕೊಮ್ಮೆ ಒಂದು ಕರೆ ಮಾಡ್ತೀರಾ, ಭಾನುವಾರ ಬೆಳಿಗ್ಗೆ ಅಂದೆ. ಅಜ್ಜ ಸ್ವಲ್ಪ ಯೋಚಿಸಿ, "ಭಾನುವಾರ ಯಾರೂ ಎದ್ದಿರಲ್ಲ, ಬುಧವಾರ ಮಾಡ್ತೀನಿ" ಅಂದರು. ಲೆಕ್ಕಿಗರು ಹೇಳಿದ ಹಾಗೆ ಬಾಗಿಲಿನ ಲೆಕ್ಕದಲ್ಲಿ ಪಟ್ಟಿ ಮಾಡಿಕೊಟ್ಟೆ. ಹದಿನಾರು ಮನೆ. ಮೊದಲ ಬುಧವಾರ ಹನ್ನೆರಡು ಜನ ಎತ್ತಿದರು, ಇಬ್ಬರು ಯಾವುದೋ ಸಾಲದ ಕಂಪನಿ ಅಂದುಕೊಂಡು ಕತ್ತರಿಸಿದರು. ಉಳಿದ ಎರಡು ಬಾಗಿಲು ಅಜ್ಜ ತಾವೇ ಹೋಗಿ ತಟ್ಟಿದ್ದಾರೆ, ಮಂಡಿ ನೋವಿದ್ದರೂ.

ಮೂಲೆಮನೆ

ಹದಿನಾರರಲ್ಲಿ ನೆಲಮಹಡಿಯ ವಾಚ್‌ಮನ್ ಮನೆ ಇದೆಯಾ?

ಕಂದೀಲು

ಇಲ್ಲ. ಸಂಜೆ ಹೋಗಿ ನಂಬರ್ ತಗೊಂಡು ಬರ್ತೀನಿ.